ಊರೆಲ್ಲ ಒಂದೇ ಸಾಲಿನಲ್ಲಿ

ಸಂಕ್ರಾಂತಿ ಕಳೆದು ಬಿಸಿಲು ಚುರುಕಾಗುವ ಹೊತ್ತಿಗೆ ತರೀಕೆರೆ, ಸಿರಾ, ಹಿರೇಕೆರೂರು, ಮುದ್ದೇಬಿಹಾಳದಂಥ ಊರುಗಳ ಹೈಸ್ಕೂಲುಗಳಲ್ಲಿ ಎರಡು ಗಡಿಬಿಡಿಗಳು ಒಟ್ಟೊಟ್ಟಿಗೆ ಶುರುವಾಗುತ್ತವೆ. ಒಂದು ಎಸ್ಸೆಸ್ಸೆಲ್ಸಿ ಪರೀಕ್ಷೆಯದು. ಪೂರ್ವಸಿದ್ಧತಾ ಪರೀಕ್ಷೆ, ವಿಶೇಷ ತರಗತಿ, 625ಕ್ಕೆ ಎಷ್ಟು ಬಂದೀತೆಂಬ ಲೆಕ್ಕಾಚಾರ. ಇನ್ನೊಂದು ಸೆಂಡಾಫಿನದು. ಯಾವ ದಿನ, ತಲೆಗೆ ಎಷ್ಟು ವಂತಿಗೆ, ಊಟಕ್ಕೆ ಏನು, ಶಾಲೆಗೆ ಏನು ಕೊಡುವುದು, ಫೋಟೋದವರಿಗೆ ಹೇಳಿದ್ದಾಯಿತೇ ಎಂಬ ಚರ್ಚೆ ಊಟದ ಬಿಡುವಿನಲ್ಲಿ ಬೇವಿನ ಮರದ ಕೆಳಗೆ ನಡೆಯುತ್ತಿರುತ್ತದೆ.

ಈ ಎರಡನೆಯ ಗಡಿಬಿಡಿಯ ಮೇಲೆ ನನಗೆ ಬಲು ಅಕ್ಕರೆ. ಪರೀಕ್ಷೆಗೆ ಮಂಡಳಿ ಇದೆ, ವೇಳಾಪಟ್ಟಿ ಇದೆ, ಮೇಲ್ವಿಚಾರಕರಿದ್ದಾರೆ. ಸೆಂಡಾಫಿಗೆ ಇರುವುದು ರೂಢಿಯೊಂದೇ. ಹಿಂದಿನ ವರ್ಷದವರು ಮಾಡಿದ್ದನ್ನು ನೋಡಿದವರು ಈ ವರ್ಷ ಮಾಡುತ್ತಾರೆ, ಇವರನ್ನು ನೋಡಿದವರು ಮುಂದಿನ ವರ್ಷ ಮಾಡುತ್ತಾರೆ. ಯಾರೂ ಬರೆದಿಡದ ಈ ಪಾಠವನ್ನು ಹದಿನೈದು, ಹದಿನಾರರ ಮಕ್ಕಳು ಒಂದಕ್ಷರ ಬಿಡದೆ ಕಲಿತಿರುತ್ತಾರೆ.

ಹತ್ತನೇ ತರಗತಿಯಲ್ಲಿ ಕೂತವರು ಯಾರೆಂದು ನೋಡಿದರೆ ಇದರ ಬೆಲೆ ತಿಳಿಯುತ್ತದೆ. ಸಣ್ಣ ಊರಿನ ಹೈಸ್ಕೂಲಿನಲ್ಲಿ ಕೂತಿರುವುದು ಊರೇ. ಬಸ್ ಸ್ಟ್ಯಾಂಡಿನ ಹೋಟೆಲಿನವರ ಮಗ, ಸಂತೆಯಲ್ಲಿ ಸೊಪ್ಪು ಮಾರುವವರ ಮಗಳು, ಗ್ಯಾರೇಜಿನ ಸಾಬರ ಮೊಮ್ಮಗ, ಪೋಸ್ಟ್‌ಮ್ಯಾನರ ಮಗಳು, ಸುತ್ತಲಿನ ಹಳ್ಳಿಗಳಿಂದ ಸೈಕಲ್ ತುಳಿದು ಬರುವ ರೈತರ ಮಕ್ಕಳು. 2006-07ರಲ್ಲಿ ಸರ್ಕಾರ ಎಂಟನೇ ತರಗತಿಯವರಿಗೆ ಸೈಕಲ್ ಕೊಡಲು ಶುರು ಮಾಡಿದಾಗ, ಬಸ್ಸಿಲ್ಲದ ಹಳ್ಳಿಗಳ ಹೆಣ್ಣುಮಕ್ಕಳು ಸಾಲಾಗಿ ಸೈಕಲ್ ಮೇಲೆ ಬರುವುದನ್ನು ರಸ್ತೆ ಬದಿಯವರು ನಿಂತು ನೋಡುತ್ತಿದ್ದರು. ಈಗ ಕಾನ್ವೆಂಟುಗಳು ಊರಿನ ಮಕ್ಕಳಲ್ಲಿ ಒಂದು ಪಾಲನ್ನು ತೆಗೆದುಕೊಂಡಿವೆ, ನಿಜ. ಆದರೂ ಸರ್ಕಾರಿ ಮತ್ತು ಅನುದಾನಿತ ಪ್ರೌಢಶಾಲೆಗಳಲ್ಲಿ ಎಲ್ಲ ಕೇರಿಯವರೂ ಒಂದೇ ಬೆಂಚಿನಲ್ಲಿ ಕೂರುವುದು ಇಂದಿಗೂ ಉಂಟು.

ಹತ್ತನೆಯದು ಮುಗಿಯಿತೋ, ದಾರಿಗಳು ಕವಲೊಡೆಯುತ್ತವೆ. ಒಬ್ಬರು ವಿಜ್ಞಾನ ಓದಲು ಜಿಲ್ಲಾ ಕೇಂದ್ರಕ್ಕೆ, ಒಬ್ಬರು ಊರಿನದೇ ಜೂನಿಯರ್ ಕಾಲೇಜಿಗೆ, ಒಬ್ಬರು ಐಟಿಐಗೆ, ಒಬ್ಬರು ಡಿಪ್ಲೊಮಾಕ್ಕೆ, ಒಬ್ಬರು ಅಪ್ಪನ ಅಂಗಡಿಗೆ, ಒಬ್ಬರು ಬೆಂಗಳೂರಿನ ಯಾವುದೋ ಕೆಲಸಕ್ಕೆ. ಒಂದೂರಿನ ಒಂದೇ ವಯಸ್ಸಿನವರೆಲ್ಲ ಒಂದೇ ಹಾಜರಿ ಪುಸ್ತಕದಲ್ಲಿ ಇರುವುದು ಇದೇ ಕೊನೆಯ ಸಲ. ಅದನ್ನು ಮಾತಿನಲ್ಲಿ ಹೇಳಲು ಆ ವಯಸ್ಸಿಗೆ ಬಾರದು. ಆದರೆ ಅವರು ಮಾಡುವ ಒಂದೊಂದು ಆಚರಣೆಯೂ ಅದನ್ನೇ ಹೇಳುತ್ತದೆ.

ಶಾಲೆಯಲ್ಲಿ ಹತ್ತನೆಯವರ ಹಿರಿತನ ಶುರುವಾಗುವುದು ಜೂನ್ ತಿಂಗಳಲ್ಲೇ. ನಿನ್ನೆ ಮೊನ್ನೆಯವರೆಗೆ ಯಾರದೋ ಹಿಂದೆ ಸಾಲಿನಲ್ಲಿ ನಿಲ್ಲುತ್ತಿದ್ದವರು ಈಗ ಸಾಲು ಸರಿಮಾಡುವವರಾಗಿರುತ್ತಾರೆ. ಬೆಳಗಿನ ಪ್ರಾರ್ಥನೆಗೆ ದನಿ ಎತ್ತಿಕೊಡುವವರು, ನಾಡಗೀತೆ ಶುರು ಮಾಡುವವರು, ಪತ್ರಿಕೆಯ ಮುಖ್ಯ ಸುದ್ದಿ ಓದುವವರು, ಆಗಸ್ಟ್ ಹದಿನೈದಕ್ಕೆ ಕವಾಯತಿನ ಮುಂದೆ ನಡೆಯುವವರು ಇವರೇ. ಎಷ್ಟೋ ಶಾಲೆಗಳಲ್ಲಿ ಗಂಟೆ ಎಂದರೆ ಈಗಲೂ ತೂಗುಹಾಕಿದ ರೈಲು ಕಂಬಿಯ ತುಂಡು. ಅದನ್ನು ಬಾರಿಸುವ ಕೆಲಸ ಹತ್ತನೆಯವರದು. ಪಿರಿಯಡ್ಡಿಗೆ ಒಂದೊಂದೇ ಏಟು, ಸಂಜೆಗೆ ಬಿಡದೆ ಬಾರಿಸುವ ದೊಡ್ಡ ಗಂಟೆ. ಆ ದೊಡ್ಡ ಗಂಟೆಯ ಸರದಿಗಾಗಿ ಕಾಯದ ಹುಡುಗನಿಲ್ಲ.

ಸೆಪ್ಟೆಂಬರ್ ಐದು ಬಂದಾಗ ಹಿರಿತನ ಇನ್ನೊಂದು ಮೆಟ್ಟಿಲು ಏರುತ್ತದೆ. ಸರ್ವಪಲ್ಲಿ ರಾಧಾಕೃಷ್ಣನ್ ಅವರ ಹುಟ್ಟುಹಬ್ಬವನ್ನು 1962ರಿಂದ ಶಿಕ್ಷಕರ ದಿನವೆಂದು ಆಚರಿಸುತ್ತಿದ್ದೇವೆ. ಆ ದಿನ ಹತ್ತನೆಯವರು ಕೆಳಗಿನ ತರಗತಿಗಳಿಗೆ ಪಾಠ ಮಾಡುವುದು ನಮ್ಮ ಶಾಲೆಗಳ ಸೊಗಸಾದ ರೂಢಿ. ಎಂಟನೇ ತರಗತಿಗೆ ಕನ್ನಡ ಪಾಠ ಮಾಡಲು ಬಂದ ಹುಡುಗಿಯನ್ನು ಸ್ವಲ್ಪ ಹತ್ತಿರದಿಂದ ನೋಡಿ. ಬೋರ್ಡಿನ ಮೇಲೆ ಆಕೆ ಬರೆಯುವ ಸಾಲು ಎಡದಲ್ಲಿ ನೇರವಾಗಿ ಶುರುವಾಗಿ ಬಲಕ್ಕೆ ಹೋಗುತ್ತಾ ಇಳಿಯುತ್ತದೆ. ಬೆನ್ನ ಹಿಂದೆ ಗುಸುಗುಸು ಕೇಳಿದರೆ ತಿರುಗಿ, ತಮ್ಮ ಮೇಡಂ ಮಾಡುವಂತೆಯೇ ಸೀಮೆಸುಣ್ಣದಿಂದ ಮೇಜು ಕುಟ್ಟುತ್ತಾಳೆ. ಕೊನೆಯ ಬೆಂಚಿನಲ್ಲಿ ನಿಜವಾದ ಮೇಡಂ ಕೂತಿರುತ್ತಾರೆ. ತಮ್ಮ ದನಿಯ ಏರಿಳಿತ, ತಮ್ಮ ಕೈಯ ಅಂದಾಜು ಇನ್ನೊಂದು ಜೀವದಲ್ಲಿ ಮೂಡಿರುವುದನ್ನು ಅವರು ನೋಡುತ್ತಾರೆ. ಮೇಷ್ಟ್ರ ಕೆಲಸಕ್ಕೆ ಸಿಗುವ ಉಡುಗೊರೆಗಳಲ್ಲಿ ಇದಕ್ಕಿಂತ ದೊಡ್ಡದು ನನಗೆ ತಿಳಿದಿಲ್ಲ.

ಡಿಸೆಂಬರಿನಲ್ಲಿ ಪ್ರವಾಸ. ದಕ್ಷಿಣದ ಊರಿನವರು ಹಂಪಿ, ಬಾದಾಮಿ, ವಿಜಯಪುರಕ್ಕೆ, ಉತ್ತರದವರು ಬೇಲೂರು, ಹಳೇಬೀಡು, ಮೈಸೂರಿಗೆ. ಗೋಳಗುಮ್ಮಟದ ಪಿಸುಗುಟ್ಟುವ ಮೊಗಸಾಲೆಯಲ್ಲಿ ಒಬ್ಬರ ಹೆಸರನ್ನು ಇನ್ನೊಬ್ಬರು ಕೂಗಿ, ಅದು ಮತ್ತೆ ಮತ್ತೆ ಮರುದನಿಸುವುದನ್ನು ಕೇಳಿ ಬಂದ ತಂಡಕ್ಕೆ ಸೆಂಡಾಫಿನವರೆಗೂ ಮಾತಾಡಲು ಅದು ಸಾಕು.

ಫೆಬ್ರವರಿಯ ಒಂದು ಶುಕ್ರವಾರವೋ ಶನಿವಾರವೋ ಶಾರದಾ ಪೂಜೆ ಮತ್ತು ಬೀಳ್ಕೊಡುಗೆ. ಹಿಂದಿನ ಸಂಜೆಯೇ ಒಂಬತ್ತನೆಯವರು ಅಂಗಳ ಗುಡಿಸಿ, ನೀರು ಚಿಮುಕಿಸಿ, ಚುಕ್ಕಿ ಇಟ್ಟು ರಂಗೋಲಿ ಎಳೆದಿರುತ್ತಾರೆ. ಬಣ್ಣದ ಕಾಗದದ ತೋರಣ ಕತ್ತರಿಸಿ ಗೋಂದು ಹಚ್ಚಿ ಕಟ್ಟಿರುತ್ತಾರೆ. ಡ್ರಾಯಿಂಗ್ ಮೇಷ್ಟ್ರು ಕರಿಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ನೆರಳು ಕೊಟ್ಟು ದಪ್ಪಕ್ಷರ ಬರೆದಿರುತ್ತಾರೆ. ಫ್ಲೆಕ್ಸ್ ಬಂದ ಮೇಲೂ ಕೆಲವೆಡೆ ಈ ಅಕ್ಷರಗಳು ಉಳಿದಿವೆ. ಮರುದಿನ ಒರೆಸಿಹೋಗುವ ಬರಹಕ್ಕೆ ಅಷ್ಟೊಂದು ಮುತುವರ್ಜಿ ವಹಿಸುವ ಕೈಗಳಿಗೆ ನಾನು ಮನಸ್ಸಿನಲ್ಲೇ ನಮಸ್ಕಾರ ಮಾಡುತ್ತೇನೆ.

ಹುಡುಗಿಯರು ಆ ದಿನ ಸೀರೆ ಉಡುತ್ತಾರೆ. ಹೊಸ ಸೀರೆಯಲ್ಲ, ಅಮ್ಮನದೋ ಅತ್ತಿಗೆಯದೋ. ಕುಪ್ಪಸ ಸಡಿಲವಾಗಿರುವುದರಿಂದ ರಾತ್ರಿಯೇ ಎರಡೂ ಪಕ್ಕ ಸೂಜಿ ದಾರದಿಂದ ತಾತ್ಕಾಲಿಕ ಹೊಲಿಗೆ ಬಿದ್ದಿರುತ್ತದೆ. ನಾಳೆ ಬಿಚ್ಚಿದರೆ ಅದು ಮತ್ತೆ ಅಮ್ಮನ ಅಳತೆಗೆ. ನೆರಿಗೆ ಜಾರದಂತೆ ಪಿನ್ನು, ಸೆರಗಿಗೆ ಪಿನ್ನು, ಜಡೆಗೆ ಮಲ್ಲಿಗೆ ಅಥವಾ ಕನಕಾಂಬರ. ಸೀರೆ ಉಡಿಸಲು ಬೀದಿಯಲ್ಲಿ ಚೆನ್ನಾಗಿ ನೆರಿಗೆ ಹಿಡಿಯುವ ಒಬ್ಬ ಅಕ್ಕನ ಮನೆಯಲ್ಲಿ ಬೆಳಗಿನ ಆರು ಗಂಟೆಗೇ ಸಾಲು. ಬೇರೆ ಬೇರೆ ಮನೆಯ ಹುಡುಗಿಯರು ಒಬ್ಬರ ಸೆರಗನ್ನು ಇನ್ನೊಬ್ಬರು ಸರಿಮಾಡುತ್ತಾ ಆ ಹೊಸ್ತಿಲು ದಾಟಿ ಬರುತ್ತಾರೆ. ಸೈಕಲ್ ತುಳಿಯುವಂತಿಲ್ಲವಾದ್ದರಿಂದ ಅಂದು ನಡಿಗೆ, ಇಲ್ಲವೇ ಆಟೋ. ಹುಡುಗರು ಇಸ್ತ್ರಿ ಹಾಕಿದ ಬಿಳಿ ಅಂಗಿ, ಪಂಚೆ ಉಟ್ಟು ಬರುತ್ತಾರೆ. ಪಂಚೆ ಜಾರೀತೆಂದು ಒಳಗೆ ಬೆಲ್ಟು ಬಿಗಿದಿರುತ್ತದೆ. ಗೇಟಿನ ಬಳಿ ನಿಂತ ಜವಾನರು ಒಂದು ಗಳಿಗೆ ಗುರುತು ಸಿಗದೆ ನೋಡಿ, ಆಮೇಲೆ ಹೆಸರು ಹಿಡಿದು ಕರೆಯುತ್ತಾರೆ.

ಶಾರದೆಯ ಪಟದ ಮುಂದೆ ಪುಸ್ತಕ, ಪೆನ್ನು, ಪರೀಕ್ಷೆಯ ಪ್ಯಾಡು. ಹಾಲ್ ಟಿಕೆಟ್ ಬಂದಿದ್ದರೆ ಅದೂ ಕುಂಕುಮದ ಬೊಟ್ಟು ಇಡಿಸಿಕೊಳ್ಳುತ್ತದೆ. ಪೂಜೆ ಮುಗಿದ ಮೇಲೆ ಹೆಡ್‌ಮಾಸ್ಟರು ಒಬ್ಬೊಬ್ಬರನ್ನೂ ಹೆಸರಿಟ್ಟು ಕರೆದು ಕೈಗೆ ಒಂದೊಂದು ಪೆನ್ನು ಕೊಡುವ ಪದ್ಧತಿ ಹಲವು ಶಾಲೆಗಳಲ್ಲಿದೆ. ಆ ಪೆನ್ನಿನಲ್ಲೇ ಪರೀಕ್ಷೆ ಬರೆಯಬೇಕೆಂದು ಜೋಪಾನವಾಗಿ ತೆಗೆದಿಡುವ ಮಕ್ಕಳಿದ್ದಾರೆ. ಕೆಲವೆಡೆ ಹತ್ತನೆಯವರು ಹಣತೆ ಹಚ್ಚಿ ಒಂಬತ್ತನೆಯವರ ಕೈಗೆ ಕೊಡುತ್ತಾರೆ.

ಆಮೇಲೆ ಸಭೆ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ ದಾಟಿ 'ವಿದ್ಯಾರ್ಥಿಗಳ ಅನಿಸಿಕೆ' ಎಂದು ನಿರೂಪಕಿ ಕರೆದಾಗ ಸಭಾಂಗಣ ನೆಟ್ಟಗೆ ಕೂರುತ್ತದೆ. ವೇದಿಕೆಯ ಗಣ್ಯರಿಗೆಲ್ಲ ಬಾಯಿಪಾಠವಾದ ವಂದನೆ ಸರಾಗವಾಗಿ ಹರಿಯುತ್ತದೆ. ಬರೆದುಕೊಂಡ ಚೀಟಿಯ ಎರಡನೇ ಮಗ್ಗುಲಿಗೆ ಬರುವಷ್ಟರಲ್ಲಿ ಗಂಟಲು ಕಟ್ಟುತ್ತದೆ. ವರ್ಷವಿಡೀ ಬೆಂಚಿನ ಮೇಲೆ ನಿಂತ ಹುಡುಗ, ತನ್ನನ್ನು ನಿಲ್ಲಿಸಿದ ಗಣಿತದ ಸಾರ್ ಹೆಸರನ್ನೇ ಮೊದಲು ಹೇಳುತ್ತಾನೆ. ಮಾತು ಬಾರದ ಹುಡುಗಿ 'ಇಷ್ಟೇ ಸಾರ್' ಎಂದು ಕೈಮುಗಿದು ಇಳಿಯುತ್ತಾಳೆ. ಚಪ್ಪಾಳೆ ಹೆಚ್ಚು ಬೀಳುವುದು ಅವಳಿಗೇ.

ಮೇಷ್ಟ್ರುಗಳು ಆಡುವ ಮಾತಿಗೂ ಅಂದು ಬೇರೆಯದೇ ತೂಕ. ಓದು ಮುಗಿಸಿ ಹೊರಟ ಶಿಷ್ಯನಿಗೆ ಗುರು ಹೇಳುವ ಕಿವಿಮಾತು ತೈತ್ತಿರೀಯ ಉಪನಿಷತ್ತಿನ ಶೀಕ್ಷಾವಲ್ಲಿಯಲ್ಲಿದೆ. ತಮ್ಮಲ್ಲಿ ಒಳ್ಳೆಯದೇನಿದೆಯೋ ಅದನ್ನಷ್ಟೇ ಅನುಸರಿಸು, ಉಳಿದದ್ದನ್ನು ಬಿಡು ಎಂಬ ಆಶಯವನ್ನೂ ಆ ಗುರು ಅಲ್ಲಿ ಸೇರಿಸುತ್ತಾರೆ. ನಮ್ಮ ಹೈಸ್ಕೂಲಿನ ಮೇಷ್ಟ್ರುಗಳು ಅದನ್ನು ಓದಿರಲಿ ಬಿಡಲಿ, ಅಂದು ಅದೇ ದಾರಿಯಲ್ಲಿ ಮಾತಾಡುತ್ತಾರೆ. ಗದರಿದ್ದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ಕಲಿಸಿದ್ದನ್ನು ಬಿಡಬೇಡಿ ಎನ್ನುತ್ತಾರೆ.

ಊಟದ ವಿಷಯದಲ್ಲಿ ನಾಡು ತನ್ನ ಬಗೆಬಗೆಯ ರುಚಿಯನ್ನು ತೋರಿಸುತ್ತದೆ. ಹಳೇ ಮೈಸೂರಿನ ಕಡೆ ಚಿತ್ರಾನ್ನ, ಕೇಸರಿಬಾತು, ಮೊಸರನ್ನ. ಧಾರವಾಡ, ವಿಜಯಪುರದ ಕಡೆ ಗೋದಿ ಹುಗ್ಗಿ, ಬದನೆಕಾಯಿ ಪಲ್ಯ, ಅನ್ನ, ಸಾರು. ಬಿಸಿಯೂಟ ಹೈಸ್ಕೂಲಿಗೂ ಬಂದ ಮೇಲೆ ದಿನವೂ ಬಡಿಸುತ್ತಿದ್ದ ಅಡುಗೆಯಮ್ಮಂದಿರೇ ಅಂದು ಇನ್ನಷ್ಟು ಬೆಲ್ಲ ಬೀಳಿಸಿ ಪಾಯಸ ಕಾಯಿಸುತ್ತಾರೆ. ಬಡಿಸುವವರು ಮಾತ್ರ ಒಂಬತ್ತನೆಯವರು. 'ಅಣ್ಣಾ, ಇನ್ನೊಂದು ಸೌಟು', 'ಅಕ್ಕಾ, ಸಾಕು ಅನ್ನಬೇಡಿ' ಎಂಬ ಉಪಚಾರದಲ್ಲಿ ಮುಂದಿನ ವರ್ಷದ ಹಿರಿಯರು ತಯಾರಾಗುತ್ತಿರುತ್ತಾರೆ.

ನನ್ನ ಕಣ್ಣಿಗೆ ಎಲ್ಲಕ್ಕಿಂತ ಚೆಲುವಾದದ್ದು ಶಾಲೆಗೆ ಕೊಡುವ ಕೊಡುಗೆ. ಯಾವ ಹಳೆಯ ಹೈಸ್ಕೂಲಿಗೆ ಹೋದರೂ ಗೋಡೆ ಕಪಾಟುಗಳನ್ನೊಮ್ಮೆ ಓದಿ ನೋಡಬೇಕು. ಸಭಾಂಗಣದ ಗಡಿಯಾರದ ಕೆಳಗೆ, ಭಾಷಣದ ಮೇಜಿನ ಹಣೆಯಲ್ಲಿ, ಸ್ಟೀಲಿನ ನೀರಿನ ಡ್ರಮ್ಮಿನ ಹೊಟ್ಟೆಯ ಮೇಲೆ, ವಿವೇಕಾನಂದರ, ಅಂಬೇಡ್ಕರರ ಪಟಗಳ ಚೌಕಟ್ಟಿನಂಚಿನಲ್ಲಿ ಕೆಂಪು ಎಣ್ಣೆಬಣ್ಣದ ಪುಟ್ಟ ಅಕ್ಷರಗಳು: ಇಂಥ ಸಾಲಿನ ಹತ್ತನೇ ತರಗತಿಯ ವಿದ್ಯಾರ್ಥಿಗಳ ಕೊಡುಗೆ. ಯಾರೊಬ್ಬರ ಹೆಸರೂ ಇಲ್ಲ, ಇರುವುದು ವರ್ಷವಷ್ಟೇ. ನೂರು ಕೊಟ್ಟವರೂ ಹತ್ತು ಕೊಟ್ಟವರೂ, ಕೊಡಲಾಗದೆ ಪಟ ಹೊತ್ತು ತಂದವರೂ ಆ ಒಂದು ವರ್ಷದೊಳಗೆ ಸಮನಾಗಿ ಸೇರಿಹೋಗಿದ್ದಾರೆ. ಅದುವರೆಗೆ ಪಠ್ಯಪುಸ್ತಕ, ಸಮವಸ್ತ್ರ, ಊಟ, ಹಾಲು ಎಂದು ಪಡೆದುಕೊಂಡೇ ಬೆಳೆದ ಮಕ್ಕಳು ತಾವೇ ಕೂಡಿ ಒಂದು ಸಂಸ್ಥೆಗೆ ಏನನ್ನಾದರೂ ಕೊಡುವುದು ಬಹುಪಾಲು ಇದೇ ಮೊದಲು. ಕೊಡುವುದು ಯಾರಿಗೆ? ಇನ್ನೂ ಒಂದನೇ ತರಗತಿಯಲ್ಲಿ ಅಕ್ಷರ ತಿದ್ದುತ್ತಿರುವ, ಮುಂದೊಂದು ದಿನ ಇಲ್ಲಿಗೆ ಬರಲಿರುವ, ಮುಖ ಕಾಣದ ಮಕ್ಕಳಿಗೆ. ಹಿಂದಿನವರು ಕೊಟ್ಟ ಡ್ರಮ್ಮಿನ ನೀರು ಕುಡಿದವರು ಮುಂದಿನವರಿಗೆ ಗಡಿಯಾರ ಕೊಟ್ಟು ಹೋಗುತ್ತಾರೆ. ಪೌರನೀತಿಯ ಪಾಠವನ್ನು ಇದಕ್ಕಿಂತ ಚೆನ್ನಾಗಿ ಯಾರು ಕಲಿಸಿಯಾರು?

ಗ್ರೂಪ್ ಫೋಟೋ ತೆಗೆಯುವುದೂ ಒಂದು ಕಲೆಯೇ. ಸ್ಟಾಫ್ ರೂಮಿನ ಕುರ್ಚಿಗಳು ಅಂಗಳಕ್ಕೆ ಬರುತ್ತವೆ. ಹಿಂದೆ ಬೆಂಚು, ಅದರ ಹಿಂದೆ ಮೇಜು. ನಡುವಿನ ಕುರ್ಚಿ ಹೆಡ್‌ಮಾಸ್ಟರದು, ಆಚೀಚೆ ಸೇವಾ ಹಿರಿತನದ ಪ್ರಕಾರ ಶಿಕ್ಷಕರು, ತುದಿಗಳಲ್ಲಿ ಗುಮಾಸ್ತರು, ಜವಾನರು. ಅಡುಗೆಯಮ್ಮಂದಿರನ್ನೂ ಕರೆತಂದು ನಿಲ್ಲಿಸುವ ಶಾಲೆಗಳನ್ನು ಕಂಡರೆ ನನಗೆ ತುಂಬ ಗೌರವ. ಸ್ಟುಡಿಯೋದವರು ಎತ್ತರ ನೋಡಿ ಮಕ್ಕಳನ್ನು ಮೇಲೆ ಕೆಳಗೆ ಮಾಡುತ್ತಾರೆ. ಅಲ್ಲಿ ನಡೆಯುವುದು ಎತ್ತರದ ಲೆಕ್ಕವೊಂದೇ. ಮೊದಲ ರ‍್ಯಾಂಕಿನವಳು ಮೂಲೆಗೆ ಹೋಗಬಹುದು, ಎರಡು ಸಲ ಫೇಲಾದವನು ಹೆಡ್‌ಮಾಸ್ಟರ ಹಿಂದೆಯೇ ಬರಬಹುದು. ಮುಂದೆ ನೆಲದ ಮೇಲೆ ಮಂಡಿ ಮಡಚಿ ಕೂತ ಕುಳ್ಳಗಿನವರ ಕೈಯಲ್ಲಿ ಶಾಲೆಯ ಹೆಸರು, ವರ್ಷ ಬರೆದ ಹಲಗೆ. ಬಿಸಿಲು ಕಣ್ಣಿಗೆ ಹೊಡೆಯುತ್ತಿದ್ದರೂ ರೆಪ್ಪೆ ಬಡಿಯಬಾರದೆಂಬ ಕಟ್ಟಪ್ಪಣೆ.

ರಟ್ಟಿನ ಮೇಲೆ ಅಂಟಿಸಿದ ಹಳೆಯ ಪ್ರತಿಗಳಲ್ಲಿ ಕೆಳಗೆ ಹೆಸರುಗಳನ್ನೂ ಅಚ್ಚು ಹಾಕುತ್ತಿದ್ದರು. ಕುಳಿತವರು ಎಡದಿಂದ ಬಲಕ್ಕೆ, ನಿಂತವರು ಮೊದಲನೇ ಸಾಲು, ಎರಡನೇ ಸಾಲು, ಕೊನೆಗೆ ಗೈರುಹಾಜರಾದವರು. ಆ ಕೊನೆಯ ಸಾಲನ್ನು ಹಾಕಿದವರ ಮನಸ್ಸು ದೊಡ್ಡದು. ಜ್ವರ ಬಂದು ಮಲಗಿದವನು, ಮನೆಯಲ್ಲಿ ಕಳುಹಿಸದಿದ್ದವಳು ಚಿತ್ರದಲ್ಲಿಲ್ಲದಿದ್ದರೂ ತರಗತಿಯಲ್ಲಿ ಇದ್ದಾರೆ ಎಂದು ಆ ಅಚ್ಚು ಸಾರುತ್ತದೆ. ಅಂಕಪಟ್ಟಿ ಒಬ್ಬೊಬ್ಬರಿಗೆ ಒಂದೊಂದು ಬಗೆ, ಗ್ರೂಪ್ ಫೋಟೋ ಎಲ್ಲರಿಗೂ ಒಂದೇ.

ಆಟೋಗ್ರಾಫ್ ಪುಸ್ತಕದ ರುಚಿ ಬೇರೆ. ಗುಲಾಬಿ, ಹಳದಿ, ತಿಳಿನೀಲಿ ಹಾಳೆಗಳ ಪುಟ್ಟ ಪುಸ್ತಕ. ಯಾರಿಗೆ ಯಾವ ಬಣ್ಣದ ಹಾಳೆ ಎಂಬುದೇ ಒಂದು ಆಲೋಚನೆ. ಕೆಲವರು ಮೂಲೆ ಮಡಚಿ ಒಳಗೆ ಎರಡು ಸಾಲು ಬರೆದು ಮೇಲೆ 'ತೆರೆಯಬೇಡ' ಎನ್ನುತ್ತಾರೆ, ತೆರೆಯಲೆಂದೇ. ಇಷ್ಟದ ಬಣ್ಣ, ಇಷ್ಟದ ನಟ, ಮುಂದೆ ಏನಾಗುವೆ ಎಂಬ ಖಾಲಿ ಜಾಗಗಳನ್ನು ತುಂಬುವ ಸ್ಲ್ಯಾಮ್ ಪುಸ್ತಕವೂ ಬಂತು. ಮೂರು ವರ್ಷ ಒಂದು ಮಾತೂ ಆಡದ ಹುಡುಗ ಹುಡುಗಿ ಈ ಪುಸ್ತಕದ ನೆಪದಲ್ಲಿ ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯುತ್ತಾರೆ. ಕಡೆಯ ಪರೀಕ್ಷೆಯ ದಿನ ಪುಸ್ತಕ ಸಾಲದೆ ಸಮವಸ್ತ್ರದ ಬೆನ್ನಿನ ಮೇಲೂ ಹೆಸರು ಬರೆಸಿಕೊಳ್ಳುವುದುಂಟು. ಅಂದಿಗೆ ಆ ಅಂಗಿ ತೊಡುವ ಕೆಲಸವೂ ಮುಗಿದಿರುತ್ತದೆ.

ಈ ರೂಢಿಗಳು ತಪ್ಪಿದರೆ ಏನು ಕಳೆಯುತ್ತದೆಂಬುದನ್ನು 2021 ತೋರಿಸಿತು. ಕೊರೊನಾದಿಂದಾಗಿ ಆ ವರ್ಷದ ಎಸ್ಸೆಸ್ಸೆಲ್ಸಿ ಪರೀಕ್ಷೆ ಜುಲೈ 19 ಮತ್ತು 22ರಂದು ಎರಡೇ ದಿನ ನಡೆಯಿತು. ಮಾಸ್ಕ್ ಹಾಕಿಕೊಂಡು ದೂರ ದೂರ ಕೂತು ಓಎಂಆರ್ ಹಾಳೆಯಲ್ಲಿ ಉತ್ತರ ಗುರುತಿಸಿದ ಮಕ್ಕಳು, ಗುಂಪು ಸೇರದಂತೆ ಮನೆಗೆ ಹೋದರು. ಎಷ್ಟೋ ಶಾಲೆಗಳಲ್ಲಿ ಪೂಜೆಯಿಲ್ಲ, ಫೋಟೋ ಇಲ್ಲ, ಗೋಡೆಯ ಮೇಲೆ ಆ ಸಾಲಿನ ಕೊಡುಗೆಯಿಲ್ಲ. ಪಾಸಾದದ್ದಕ್ಕೆ ಕಾಗದವಿದೆ, ಕೂಡಿದ್ದದ್ದಕ್ಕೆ ಗುರುತಿಲ್ಲ.

ಬೀಳ್ಕೊಡುವುದರಲ್ಲಿ ಈ ನೆಲಕ್ಕೆ ಹಳೆಯ ಹೆಸರಿದೆ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ರಾಧಾಕೃಷ್ಣನ್ 1921ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯಕ್ಕೆ ಹೊರಟಾಗ, ವಿದ್ಯಾರ್ಥಿಗಳು ಹೂವಿನಿಂದ ಸಿಂಗರಿಸಿದ ಗಾಡಿಯಲ್ಲಿ ಅವರನ್ನು ಕೂರಿಸಿ, ಕುದುರೆಯ ಬದಲು ತಾವೇ ಎಳೆದು ರೈಲು ನಿಲ್ದಾಣಕ್ಕೆ ಕರೆದೊಯ್ದರು. ಕಲಿಸಿದವರ ಭಾರವನ್ನು ಒಮ್ಮೆಯಾದರೂ ತಮ್ಮ ತೋಳಿನಲ್ಲಿ ಎಳೆಯಬೇಕೆಂಬ ಆ ಹುಮ್ಮಸ್ಸೇ ಇಂದು ಊರೂರುಗಳ ಗುರುವಂದನೆಗಳಲ್ಲಿ ಕಾಣುತ್ತಿದೆ. ಇಪ್ಪತ್ತೋ ಇಪ್ಪತ್ತೈದೋ ವರ್ಷ ಕಳೆದ ಮೇಲೆ ಒಂದು ಸಾಲಿನವರೆಲ್ಲ ಸೇರಿ, ನಿವೃತ್ತರಾದ ಮೇಷ್ಟ್ರುಗಳನ್ನು ಹುಡುಕಿ ಕರೆತಂದು, ತೆರೆದ ವಾಹನದಲ್ಲಿ ಮೆರವಣಿಗೆ ಮಾಡಿ, ಶಾಲು ಹೊದಿಸಿ, ಹಾರ ಹಾಕಿ ಕಾಲಿಗೆ ಎರಗುತ್ತಾರೆ. ಆ ಕೂಟಕ್ಕೆ ಜನ ಸೇರಿಸಲು ಮೊದಲು ಹೊರತೆಗೆಯುವುದು ಅದೇ ಗ್ರೂಪ್ ಫೋಟೋವನ್ನು. ಬೆರಳಿಟ್ಟು ಒಂದೊಂದು ಮುಖಕ್ಕೂ ಹೆಸರು ಹೊಂದಿಸಿ, ಯಾರು ಎಲ್ಲಿದ್ದಾರೆಂದು ವಿಚಾರಿಸುತ್ತಾರೆ. ದುಬೈಯಲ್ಲಿರುವವರಿಗೂ ಹೊಲದಲ್ಲಿರುವವರಿಗೂ ಒಂದೇ ಕರೆಯೋಲೆ ಹೋಗುತ್ತದೆ.

ನಮ್ಮ ರಾಜ್ಯದಲ್ಲಿ ಈಗ ವರ್ಷಕ್ಕೆ 8 ಲಕ್ಷಕ್ಕೂ ಹೆಚ್ಚು ಮಕ್ಕಳು ಎಸ್ಸೆಸ್ಸೆಲ್ಸಿ ಬರೆಯುತ್ತಾರೆ. ಫಲಿತಾಂಶದ ಒತ್ತಡದಲ್ಲಿ ಸೆಂಡಾಫನ್ನು ಅರ್ಧ ದಿನಕ್ಕೆ ಇಳಿಸುವ, ಪ್ರವಾಸ ಕೈಬಿಡುವ ಮಾತು ಆಗಾಗ ಕೇಳಿಬರುತ್ತದೆ. ನನ್ನ ಕೋರಿಕೆ ಇಷ್ಟೇ: ಆ ಒಂದು ಪೂರ್ಣ ದಿನವನ್ನು ಮಕ್ಕಳಿಗೆ ಬಿಟ್ಟುಕೊಡಿ. ಓದಿಗೆ ಉಳಿದ ದಿನಗಳಿವೆ. ಒಬ್ಬರ ಸೆರಗು ಇನ್ನೊಬ್ಬರು ಸರಿಮಾಡುವುದಕ್ಕೆ, ಕೂಡಿ ಒಂದು ಗಡಿಯಾರ ಕೊಳ್ಳುವುದಕ್ಕೆ, ಬಾರದವನ ಹೆಸರನ್ನೂ ಸೇರಿಸುವುದಕ್ಕೆ ಇರುವುದು ಅದೊಂದೇ ದಿನ. ಮುಂದೆ ಅದೇ ಊರಿನ ಬ್ಯಾಂಕು, ಆಸ್ಪತ್ರೆ, ಪಂಚಾಯಿತಿ, ಸಂತೆಗಳಲ್ಲಿ ಎದುರುಬದುರಾಗುವ ಇವರು ಒಬ್ಬರನ್ನೊಬ್ಬರು ಹೆಸರಿಟ್ಟು ಕರೆಯಬಲ್ಲವರಾದರೆ, ಆ ಸಲಿಗೆಯ ಬಹುಪಾಲು ಸಂಪಾದನೆ ಆ ದಿನದ್ದೇ.